ಸ್ಕಾಟ್ಲೆಂಡ್ ಬಾಯಾರ ಹಾಲಿನ ರತೀಬು

ದಾಕ್ಷಾಯಿಣಿ ಈ ವರ್ಷ ಸಂಕ್ರಮಣ ಮುಗಿದ ವಾರದಲ್ಲಿ ತೀರಿಕೊಂಡಳು. ಮುಂಜಾನೆ ಬಚ್ಚಲಲ್ಲಿ ಬಿದ್ದಳು, ಮತ್ತೆ ಏಳಲಿಲ್ಲ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದು ಡಾಕ್ಟರು ಹೇಳಿದರು. ವಯಸ್ಸು ಐವತ್ತು ತುಂಬಿರಲಿಲ್ಲ.

ಗೋಕಾಕದ ಒಂದು ಕಾನೂನು ಕಾಲೇಜಿನಲ್ಲಿ ಅವಳು ಅತಿಥಿ ಉಪನ್ಯಾಸಕಿ. ಅಲ್ಲಿ ಸಂತಾಪ ಸಭೆ ಮಾಡಿದರು. ಸರಳ ಜೀವಿ ಎಂದರು, ನಗುಮುಖ ಎಂದರು. ಅವಳದು ಅಷ್ಟೇನೂ ನಗುಮುಖವಲ್ಲ. ಎರಡು ನಿಮಿಷ ಮೌನ ನಿಂತು ಎಲ್ಲರೂ ಚಹಾ ಕುಡಿದರು. ಹಾಲಿನ ಸಂಗತಿಯನ್ನು ಯಾರೂ ಎತ್ತಲಿಲ್ಲ. ಕಾಲೇಜಿನ ಮರ್ಯಾದೆಗೆ ಅದು ಹೊಂದುವುದಿಲ್ಲ ಎನ್ನಿಸಿರಬೇಕು. ಆದರೆ ದಾಕ್ಷಾಯಿಣಿಯ ಬಗ್ಗೆ ಹೇಳುವುದಿದ್ದರೆ ಹೇಳಬೇಕಾದದ್ದು ಅದೊಂದೇ.

ಅವಳ ಊರು ಹುಕ್ಕೇರಿ ತಾಲೂಕಿನಲ್ಲಿ, ನಿಡಸೋಸಿಗೆ ಹತ್ತಿರ. ತಂದೆಗೆ ಒಂದು ಕಿರಾಣಿ ಅಂಗಡಿ, ಅದರ ಜೊತೆ ಸ್ವಲ್ಪ ಹೊಲ. ಓಣಿಯ ಹುಡುಗ ಹುಡುಗಿಯರೆಲ್ಲ ನಿಡಸೋಸಿಯ ಎಂಜಿನಿಯರಿಂಗ್ ಕಾಲೇಜಿನ ಕಡೆ ಮುಖ ಮಾಡಿದಾಗ ಇವಳು ಕಾನೂನು ಓದಲು ಬೆಳಗಾವಿಗೆ ಹೋದಳು. ಮದುವೆಯಾಯಿತು. ಎರಡು ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದಳು. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ, "ಕೂಡಿ ಬರಲಿಲ್ಲ" ಎಂದಷ್ಟೇ ಉತ್ತರ. ಆಮೇಲೆ ಕೆಲವು ವರ್ಷ ಮೂಡಲಗಿಯ ಕೋರ್ಟಿನಲ್ಲಿ ವಕೀಲಿ ಮಾಡಿದಳು. ಅದು ನಡೆಯಲಿಲ್ಲ. ಬಂದ ಕಕ್ಷಿದಾರನನ್ನು ಎದುರಿಗೆ ಕೂಡಿಸಿಕೊಂಡು ಇವಳು ಕೇಳುತ್ತಿದ್ದ ಮೊದಲ ಮಾತು, "ತಪ್ಪು ಯಾರ ಕಡಿಂದ ಆಗೈತಿ, ಅದನ್ನ ಮೊದಲ ಹೇಳ್ರಿ."

ಒಬ್ಬ ಮುದುಕ ಎದ್ದು ತಲೆಯ ಪಟಗ ಸರಿ ಮಾಡಿಕೊಂಡು ಹೇಳಿದನಂತೆ: "ಯವ್ವಾ, ತಪ್ಪು ನಂದ ಐತಿ. ಅದಕ್ಕ ವಕೀಲರನ್ನ ಹುಡಿಕ್ಕೋತ ಬಂದೇನಿ. ತಪ್ಪು ಅಂವಂದಿದ್ರ ನನಗ ವಕೀಲರು ಯಾಕ ಬೇಕಿದ್ರು?"

ಈ ಕಥೆಯನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು. ಆ ಮುದುಕನ ಕೇಸನ್ನೂ ಬಿಟ್ಟಳು, ಮೂಡಲಗಿಯನ್ನೂ ಬಿಟ್ಟಳು. ಘಟಪ್ರಭಾದಲ್ಲಿ ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ ಹಿಡಿದು ದಿನವೂ ಸ್ಕೂಟಿಯ ಮೇಲೆ ಗೋಕಾಕಕ್ಕೆ ಕಲಿಸಲು ಹೋಗತೊಡಗಿದಳು.

ಅವಳ ಪಾಲಿಗೆ ಬಂದ ವಿಷಯ ಸಿವಿಲ್ ತಪ್ಪುಗಳು. ಜೈಲಿಗೆ ಹಾಕುವಂಥ ತಪ್ಪಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಲುಕ್ಸಾನಾದರೆ ಅದನ್ನು ಯಾರು ತುಂಬಿಕೊಡಬೇಕು ಎನ್ನುವ ಲೆಕ್ಕ. ಈ ವಿಷಯ ಓದುವ ಎಲ್ಲರಿಗೂ ಮೊದಲ ವಾರದಲ್ಲೇ ಒಂದು ಮೊಕದ್ದಮೆ ಎದುರಾಗುತ್ತದೆ. ಸುಮಾರು ನೂರು ವರ್ಷದ ಹಿಂದೆ ಪೇಸ್ಲಿ ಎಂಬ ಊರಿನಲ್ಲಿ ಒಬ್ಬ ಹೆಂಗಸಿಗೆ ಅವಳ ಸ್ನೇಹಿತೆ ಶುಂಠಿ ಸೋಡಾ ಕೊಡಿಸಿದಳು. ಬಾಟಲಿಯಲ್ಲಿ ಸತ್ತ ಬಸವನಹುಳು ಇತ್ತು, ಅದರಿಂದ ತನಗೆ ಜಡ್ಡಾಯಿತು ಎಂದು ಕುಡಿದವಳು ದಾವೆ ಹೂಡಿದಳು. ರೊಕ್ಕ ಕೊಟ್ಟವಳು ಅವಳಲ್ಲ, ಸೋಡಾ ಮಾಡಿದವನು ಅವಳ ಮುಖ ನೋಡಿದವನಲ್ಲ. ಆದರೂ ಅವನಿಗೆ ಅವಳ ಬಗ್ಗೆ ಎಚ್ಚರ ವಹಿಸುವ ಕರ್ತವ್ಯ ಇತ್ತು ಎಂದು ತೀರ್ಪಾಯಿತು. ಎಲ್ಲ ಉಪನ್ಯಾಸಕರೂ ಇದನ್ನು ಇಂಗ್ಲೆಂಡಿನ ಕಾನೂನು ಎಂದು ಹೇಳಿ ಮುಂದೆ ಹೋಗುತ್ತಾರೆ. ದಾಕ್ಷಾಯಿಣಿ ನಕಾಶೆ ತೆಗೆದು ನೋಡಿದಳು. ಪೇಸ್ಲಿ ಇರುವುದು ಸ್ಕಾಟ್ಲೆಂಡಿನಲ್ಲಿ. ಅಲ್ಲಿಯ ಕಾನೂನು ಬೇರೆ, ಅದರ ಹೆಸರೂ ಬೇರೆ, ಡಿಲಿಕ್ಟ್ ಅನ್ನುತ್ತಾರೆ. ಅಲ್ಲಿಂದ ಅವಳಿಗೆ ಅದೊಂದು ಗೀಳಾಯಿತು. ಊಟ ಮಾಡುವಾಗಲೂ ಮೊಬೈಲಿನಲ್ಲಿ ಸ್ಕಾಟ್ಲೆಂಡಿನ ತೀರ್ಪು ಓದುತ್ತಿದ್ದಳು.

"ಇಂಗ್ಲಿಷರದು ಖಾನೆ ಮಾಡಿದ ಕಪಾಟು" ಎಂದು ತರಗತಿಯಲ್ಲಿ ಹೇಳುತ್ತಿದ್ದಳು. "ಹೊಡದ್ರ ಒಂದು ಖಾನಿ, ಬೈದ್ರ ಒಂದು ಖಾನಿ, ಹೊಲದಾಗ ಕಾಲಿಟ್ರ ಇನ್ನೊಂದು. ನಿಮ್ಮ ತಕರಾರು ಯಾವುದರಾಗರ ಕುಂಡರಬೇಕು. ಸ್ಕಾಟರು ಹಂಗಲ್ಲ. ನಿನ್ನ ತಪ್ಪಿನಿಂದ ಅವರಿಗೆ ಲುಕ್ಸಾನ ಆಗೈತೋ ಇಲ್ಲೋ? ಆಗಿದ್ರ ದುರಸ್ತಿ ಮಾಡು. ಮೊದಲ ಹೆಂಗಿದ್ರು ಹಂಗ ಮಾಡಿ ಕೊಡು. ಶಿಕ್ಷಾ ಅಲ್ಲ, ದುರಸ್ತಿ."

"ಮೇಡಂ, ಕಾಲು ಹೋದ್ರ ಹೆಂಗ ದುರಸ್ತಿ ಮಾಡೂದ್ರಿ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳುತ್ತಿದ್ದರು.

"ಅದಕ್ಕ ರೊಕ್ಕಾ ಕೊಡಸ್ತಾರ. ಮತ್ತೇನೂ ದಾರಿ ಇಲ್ಲಂತ."

ವಿದ್ಯಾರ್ಥಿಗಳು ಅವಳಿಗೆ ಸ್ಕಾಟ್ಲೆಂಡ್ ಬಾಯಾರು ಎಂದು ಹೆಸರಿಟ್ಟರು; ಈ ಕಡೆ ಕಲಿಸುವ ಹೆಂಗಸರಿಗೆ ಬಾಯಾರು ಅನ್ನುತ್ತಾರೆ. ಕಾಲೇಜಿನಲ್ಲಿ ಅವಳಿಗೆ ಆಪ್ತಳಾಗಿದ್ದ ಸಹೋದ್ಯೋಗಿ ವಿದ್ಯಾ ಇದನ್ನು ಅವಳ ಕಿವಿಗೆ ಹಾಕಿದಾಗ, "ಅಲ್ಲೀತನಕ ಹೋಗೂದಂತೂ ಆಗಲಿಲ್ಲ, ಹೆಸರಾದ್ರೂ ಹೋಗಲಿ" ಅಂದಳು.

ಮೂರು ವರ್ಷದ ಹಿಂದಿನ ಕಬ್ಬಿನ ಹಂಗಾಮಿನಲ್ಲಿ ಆ ಹಾಲಿನ ಸಂಗತಿ ಶುರುವಾಯಿತು.

ತಮ್ಮ ಮಲ್ಲೇಶ ಊರಿನಲ್ಲೇ ಇದ್ದಾನೆ. ಹೊಲ ನೋಡಿಕೊಂಡು, ಟ್ರ್ಯಾಕ್ಟರ್ ಇಟ್ಟುಕೊಂಡು, ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು ಹೊಡೆಯುತ್ತಾನೆ. ಆ ರವಿವಾರ ದಾಕ್ಷಾಯಿಣಿ ಊರಿಗೆ ಹೋಗಿದ್ದಳು. ಸ್ಕೂಟಿಯನ್ನು ರಿಪೇರಿಗೆ ಬಿಟ್ಟಿದ್ದಳು, ಮಧ್ಯಾಹ್ನದ ಬಸ್ಸು ಬರಲೇ ಇಲ್ಲ. ಎರಡು ಟ್ರೇಲರ್ ಕಬ್ಬು ಹೇರಿ ಘಟಪ್ರಭಾದ ಮೇಲೆ ಹಾದು ಕಾರ್ಖಾನೆಗೆ ಹೊರಟಿದ್ದ ಮಲ್ಲೇಶ, "ಹತ್ತs ಅಕ್ಕಾ, ಸ್ಟೇಶನ್ ಹಂತೇಕ ಇಳಸ್ತೇನಿ" ಅಂದ. ಟ್ರ್ಯಾಕ್ಟರಿನ ಗಾಲಿಯ ಮೇಲಿನ ತಗಡಿನ ಪತ್ರೆಯ ಮೇಲೆ ಅವನ ಬಾಜೂ ಕೂತಳು. ದಿನಾ ಜೊತೆಗೆ ಬರುವ ಆಳು ಅಂದು ಬಂದಿರಲಿಲ್ಲ.

ಘಟಪ್ರಭಾ ಇನ್ನೂ ದೂರ ಇರುವಾಗ ಒಂದು ಹಳ್ಳ ಬರುತ್ತದೆ. ಹಳ್ಳದ ಸೇತುವೆ ದಾಟಿದ ಕೂಡಲೇ ಏರು. ಏರಿನ ನಡುವೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದಿತು. ಮಲ್ಲೇಶ ಬ್ರೇಕಿನ ಮೇಲೆ ನಿಂತ. "ಅಕ್ಕಾ, ಜಿಗಿ! ಗಾಲಿಗೆ ಕಲ್ಲ ಕೊಡು!"

ಈ ಭಾಗದಲ್ಲಿ ಇದು ದಿನದ ಮಾತು. ಭಾರದ ಗಾಡಿ ಏರಿನಲ್ಲಿ ನಿಂತರೆ ಹಿಂದಕ್ಕೆ ಉರುಳದ ಹಾಗೆ ಯಾರಾದರೂ ಜಿಗಿದು ಟ್ರೇಲರಿನ ಗಾಲಿಗೆ ಕಲ್ಲು ಕೊಡಬೇಕು. ದಾಕ್ಷಾಯಿಣಿ ಜಿಗಿದಳು. ಸೇತುವೆಯ ಕಟ್ಟೆಯಿಂದ ಮುರಿದು ಬಿದ್ದ ದೊಡ್ಡ ತುಂಡು ಸಿಕ್ಕಿತು, ಒಂದು ಮಗ್ಗುಲಿಗೆ ಸುಣ್ಣ ಬಳಿದದ್ದು. ಅದನ್ನು ಹೊಟ್ಟೆಗೆ ಅವುಚಿಕೊಂಡು ಓಡಿ ಗಾಲಿಯ ಹಿಂದೆ ಒಗೆದಳು. ಮಲ್ಲೇಶ ಗೇರು ಇಳಿಸಿ, ಹೊಗೆ ಎಬ್ಬಿಸಿ, ಗಾಡಿಯನ್ನು ಕಿತ್ತ. "ಹತ್ತ, ಹತ್ತ! ಮತ್ತ ನಿಲ್ಲಸಾಕ ಬರೂದಿಲ್ಲ!" ಅವಳು ಓಡಿ ಹತ್ತಿದಳು. ಸೀರೆ ಸಿಕ್ಕೀತೆಂದು ಹೆದರಿಕೆ, ಏದುಸಿರು, ಇಬ್ಬರಿಗೂ ನಗು. ಕಲ್ಲು ಅಲ್ಲೇ ಉಳಿಯಿತು. ಹೀಗೆ ಉಳಿಯುವ ಕಲ್ಲುಗಳು ಹಂಗಾಮಿನಲ್ಲಿ ಪ್ರತಿ ಏರಿನಲ್ಲೂ ಇರುತ್ತವೆ. ನಿಂತರೆ ಮತ್ತೆ ಗಾಡಿ ಏರುವುದಿಲ್ಲ, ಆದ್ದರಿಂದ ಕಲ್ಲು ತೆಗೆಯಲು ಯಾರೂ ನಿಲ್ಲುವುದಿಲ್ಲ. ಅದನ್ನು ತಪ್ಪು ಎಂದು ಯಾರೂ ಎಣಿಸಿಯೂ ಇಲ್ಲ.

ಮರುದಿನ ಮುಂಜಾನೆ ಓಣಿಗೆ ಹಾಲು ಬರಲಿಲ್ಲ.

ಆ ಓಣಿಗೂ ಸ್ಟೇಶನ್ನಿನ ಸುತ್ತಲಿನ ಮನೆಗಳಿಗೂ ರತೀಬು ಹಾಕುತ್ತಿದ್ದವನು ಸತ್ತೆಪ್ಪ. ರತೀಬು ಅಂದರೆ ದಿನದ ಗೊತ್ತಾದ ಹಾಲು: ಇಂಥ ಮನೆಗೆ ಇಷ್ಟು, ಮುಂಜಾನೆ ಎಲ್ಲರಿಗೂ, ಸಂಜೆ ಕೆಲವರಿಗೆ, ಮಳೆಯಿರಲಿ ಬಿಸಿಲಿರಲಿ. ಸತ್ತೆಪ್ಪನದು ಹಳ್ಳದ ಆಚೆಯ ಊರು, ಕುರುಬರವನು. ಅಪ್ಪನ ಕಾಲಕ್ಕೆ ಕುರಿ ಇದ್ದವು. ಇವನು ಕುರಿ ಮಾರಿ ಎಮ್ಮೆ ಕಟ್ಟಿದ, ಊರಿನ ನಾಲ್ಕು ಮನೆಯ ಹಾಲನ್ನೂ ಕೂಡಿಸಿ ಬೈಕಿನ ಎರಡೂ ಬಾಜೂ ಕ್ಯಾನು ಕಟ್ಟಿ ತರುತ್ತಿದ್ದ. ಮಾತು ಕಡಿಮೆ. ಬಾಗಿಲಲ್ಲಿ ನಿಂತು "ಹಾಲs" ಎಂದರೆ ಓಣಿಯ ಕೊನೆಗೆ ಕೇಳುತ್ತಿತ್ತು, ಅಷ್ಟೇ.

ಎದುರು ಮನೆಯ ಚನ್ನವ್ವ ಸುದ್ದಿ ತಂದಳು. "ಕೇಳಿದ್ರೇನ್ರಿ ಬಾಯಾರ? ಸತ್ತೆಪ್ಪ ನಿನ್ನಿ ಸಂಜಿ ಹಳ್ಳದ ಏರಿನ್ಯಾಗ ಕಲ್ಲಿಗೆ ಹಾಯ್ದು ಬಿದ್ದಾನಂತ. ತೊಡಿ ಎಲವು ಎರಡು ತುಂಡ. ಯಾಂವ ಮೂಳ ಕಲ್ಲ ಇಟ್ಟ ಹೋಗಿದ್ನೋ, ಅಂವನ ಕೈ ಸೇದಿ ಹೋಗಲಿ."

ದಾಕ್ಷಾಯಿಣಿ ಕಾಲೇಜಿಗೆ ಹೋಗಲಿಲ್ಲ. ಬಸ್ಸು ಹತ್ತಿ ಹಳ್ಳದ ಹತ್ತಿರ ಇಳಿದಳು. ಕಲ್ಲನ್ನು ಯಾರೋ ಬಾಜೂಕ್ಕೆ ಹೊರಳಿಸಿದ್ದರು. ಒಂದು ಮಗ್ಗುಲಿಗೆ ಸುಣ್ಣ. ಡಾಂಬರಿನ ಮೇಲೆ ಹಾಲು ಹರಿದ ಕಲೆ, ಅದರ ತುಂಬ ಇರುವೆ. ಏನೂ ಅನ್ನಿಸಲಿಲ್ಲ ಎಂದು ಆಮೇಲೆ ವಿದ್ಯಾಗೆ ಹೇಳಿದ್ದಳು.

ಮಲ್ಲೇಶನಿಗೆ ಫೋನು ಮಾಡಿದಳು.

"ಯಾರು ನೋಡ್ಯಾರ?" ಎಂದು ಅವನು ಕೇಳಿದ.

"ನಾ ನೋಡೇನಿ."

"ಅಕ್ಕಾ, ದಾರಿ ತುಂಬ ಕಲ್ಲ ಅದಾವ. ಕಲ್ಲಿಗೇನ ನಂಬರ್ ಪ್ಲೇಟ್ ಇರ್ತೈತೇನು? ಸುಮ್ಮನ ಇರು. ಟ್ರೇಲರಿಗೆ ಇನ್ಸೂರನ್ಸ್ ಸೈತ ಇಲ್ಲ. ಹೊಲದ ತನಕ ಬರ್ತಾರ."

"ಕಲ್ಲ ಕೊಟ್ಟಾಕಿ ನಾನು."

"ಕೊಡು ಅಂದಾಂವ ನಾನು! ಹಂಗಾರ ನನ್ನ ಹೆಸರ ಹೇಳ್ತಿ?"

"ನೀ ಗಾಡಿ ಉಳಸಾಕ ಹೇಳಿದಿ. ಅದು ಬರೋಬರಿ. ತಗದ ಬರೂದು ನನ್ನ ಕೆಲಸ ಇತ್ತು. ಏರು ಹತ್ತಿದ ಮ್ಯಾಲೆ ನಿಲ್ಲಸು ಅಂತ ನಾ ಹೇಳಬೇಕಿತ್ತು. ನಕ್ಕೋತ ಕುಂತೆ."

ಮಲ್ಲೇಶ ಫೋನು ಇಟ್ಟುಬಿಟ್ಟ.

ದವಾಖಾನೆಯಲ್ಲಿ ವಾರ್ಡಿನ ಹೊರಗೆ ಸತ್ತೆಪ್ಪನ ಹೆಂಡತಿ ಮಾಯವ್ವ ಗೋಡೆಗೆ ಒರಗಿ ಕೂತಿದ್ದಳು. ಅವಳು ದಾಕ್ಷಾಯಿಣಿಯನ್ನು ಮೊದಲು ಕಂಡವಳಲ್ಲ. "ನಾ ಗೋಕಾಕದಾಗ ಕಾಯ್ದೆ ಕಲಸ್ತೇನ್ರಿ" ಎಂದು ಇವಳು ಮಾತು ಶುರು ಮಾಡಿದ್ದೇ ತಪ್ಪಾಯಿತು.

"ಬ್ಯಾಡ್ರಿ" ಎಂದಳು ಮಾಯವ್ವ, ಮುಖ ಕೂಡ ಎತ್ತದೆ. "ಮುಂಜಾನಿಂದ ಇಬ್ಬರು ವಕೀಲರು ಬಂದ ಹೋದ್ರು. ಒಬ್ಬಾಂವ ಅಂತಾನ, ಕಲ್ಲು ಅನಬ್ಯಾಡ್ರಿ, ಯಾವದರ ಗಾಡಿ ಬಡದ ಹೋತು ಅನ್ರಿ, ಇನ್ಸೂರನ್ಸ್ ರೊಕ್ಕಾ ಬರ್ತೈತಿ, ಗಾಡಿ ನಾ ಹುಡಕಿ ಕೊಡ್ತೇನಿ ಅಂತ. ನೀವ ಯಾವ ಗಾಡಿ ತಂದೀರಿ?"

"ನಾ ಗಾಡಿ ತಂದಿಲ್ಲವಾ. ಆ ಕಲ್ಲು ನಂದು."

ಮಾಯವ್ವನಿಗೆ ತಿಳಿಯಲಿಲ್ಲ. ದಾಕ್ಷಾಯಿಣಿ ಎಲ್ಲವನ್ನೂ ಹೇಳಿದಳು. ಟ್ರ್ಯಾಕ್ಟರಿನ ಮೂತಿ ಎದ್ದದ್ದು, ಕಟ್ಟೆಯ ತುಂಡು, ತಾನು ಓಡಿ ಹತ್ತಿದ್ದು, ನಕ್ಕದ್ದು ಸಹಿತ. ತಮ್ಮನ ಹೆಸರನ್ನೂ ಮುಚ್ಚಿಡಲಿಲ್ಲ. ದವಾಖಾನೆಯ ಖರ್ಚು ತನ್ನದು ಎಂದಳು. ಕೋರ್ಟಿಗೆ ಹೋಗುವುದಿದ್ದರೆ ಹೋಗ್ರಿ, ನಾನೇ ಬಂದು ಹೌದು ಅಂತೇನಿ ಎಂದಳು.

ಮಾಯವ್ವ ಎದ್ದು ನಿಂತಳು.

"ನಿಮ್ಮ ಖರ್ಚು ಇರಲ್ರಿ. ಇಂವ ನಾಕ ತಿಂಗಳ ಮಕ್ಕೊಂಡ್ರ ರತೀಬು ಕೈ ಬಿಟ್ಟ ಹೋಗ್ತಾವ. ಇವತ್ತ ಹಾಲ ಹೋಗಿಲ್ಲ. ನಾಳಿಂದ ಮಂದಿ ಅಂಗಡಿ ಪಾಕೀಟ ಹಾಲ ತರ್ತಾರ. ಒಮ್ಮೆ ಪಾಕೀಟ ಹಿಡದ ಮನಿ ಮತ್ತ ಬರೂದಿಲ್ಲ. ಹತ್ತೊಂಬತ್ತ ವರ್ಷದಿಂದ ಒಂದೊಂದ ಮನಿ ಹಿಡದಾನ. ಅದನ್ನ ತುಂಬಿ ಕೊಡ್ತೀರೇನು? ನಾಳಿ ಮುಂಜಾನಿ ಹಾಲ ನೀವ ಹಾಕ್ತೀರೇನ್ರಿ, ಬಾಯಾರ?"

ಅದು ಚುಚ್ಚುಮಾತು. ಆದರೆ ದಾಕ್ಷಾಯಿಣಿಗೆ ಅದರಲ್ಲಿ ಅವಳು ಇಷ್ಟು ವರ್ಷ ಕಲಿಸಿದ ಪಾಠ ಕೇಳಿಸಿತು. ಮೊದಲು ಹೇಗಿದ್ದರೋ ಹಾಗೆ.

"ಹಾಕ್ತೇನಿ" ಅಂದಳು. "ಹಾಲು ಎಷ್ಟಕ್ಕ ತಯಾರ ಇರ್ತೈತಿ?"

ಮರುದಿನ ನಸುಕಿನಲ್ಲಿ ಅವಳು ಹಿಂದಿನ ಸಂಜೆ ರಿಪೇರಿಯಿಂದ ತಂದ ಸ್ಕೂಟಿ ತೆಗೆದುಕೊಂಡು ಸತ್ತೆಪ್ಪನ ಊರಿಗೆ ಹೋದಳು. ಮಾಯವ್ವ ನಂಬಿರಲಿಲ್ಲ; ಕ್ಯಾನು ತೊಳೆದೂ ಇಟ್ಟಿರಲಿಲ್ಲ. ಬಾಗಿಲಲ್ಲಿ ನಿಂತವಳನ್ನು ಕಂಡು, "ಬಂದಾಳಲ್ಲs ಯವ್ವಾ ಈಕಿ" ಎಂದು ತನಗೆ ತಾನೇ ಅಂದುಕೊಂಡಳು. ಸ್ಕೂಟಿಯ ಹಿಂದಿನ ಸೀಟಿಗೆ ಅಡ್ಡ ಕಟ್ಟಿಗೆ ಬಿಗಿದು ಕ್ಯಾನು ಕಟ್ಟಿ ಕೊಟ್ಟಳು.

ಮೊದಲ ವಾರ ದಾಕ್ಷಾಯಿಣಿಗೆ ಅಳತೆ ಹಿಡಿಯಲು ಬರಲಿಲ್ಲ. ಕಾಲ ಮೇಲೆಲ್ಲ ಹಾಲು. ಯಾವ ಮನೆಗೆ ಎಷ್ಟು ಎನ್ನುವುದು ಸತ್ತೆಪ್ಪನ ತಲೆಯಲ್ಲಿ ಮಾತ್ರ ಇತ್ತು. ದವಾಖಾನೆಯ ಹಾಸಿಗೆಯ ಮೇಲಿಂದ ಅವನು ಹೇಳುತ್ತಿದ್ದ, ಇವಳು ಬಾಯಿಪಾಠ ಮಾಡುತ್ತಿದ್ದಳು. ಓಣಿಯ ಮಂದಿಗೆ ಕೆಲವು ದಿನ ಬೇರೆ ಮಾತಿರಲಿಲ್ಲ.

"ಪಗಾರ ಸಾಲವಲ್ದೇನ್ರಿ ಬಾಯಾರ?"

"ನೀರ ಹಾಕಬ್ಯಾಡ್ರಿ ಮತ್ತ, ಕಾಯ್ದೆ ಗೊತ್ತಿದ್ದಾವ್ರು ಹಾಕಿದ್ರ ಹಿಡಿಯಾಕ ಬರೂದಿಲ್ಲ!"

ಕಾಲೇಜಿನಲ್ಲಿ ಒಬ್ಬ ಹುಡುಗಿ, "ಮೇಡಂ, ಎಕ್ಸಾಮಿಗೆ ಎಮ್ಮಿ ಮ್ಯಾಲೆ ಪ್ರಶ್ನೆ ಬರ್ತೈತೇನ್ರಿ?" ಎಂದು ಕೇಳಿದಳು. ಎಲ್ಲರೂ ನಕ್ಕರು. ದಾಕ್ಷಾಯಿಣಿ ಬೋರ್ಡಿನ ಕಡೆ ತಿರುಗಿ ಪಾಠ ಮುಂದುವರಿಸಿದಳು. ಅವಳ ಸೆರಗಿನಿಂದ ಹಾಲಿನ ವಾಸನೆ ಬರುತ್ತಿತ್ತು.

ಚನ್ನವ್ವ ಆ ನಡುವೆ ಪಾಕೀಟು ಹಿಡಿದಿದ್ದಳು. ದಾಕ್ಷಾಯಿಣಿ ಅವಳ ಮನೆಯ ಕಟ್ಟೆಯ ಮೇಲೆ ಹೋಗಿ ಕೂತಳು.

"ಏನ್ರಿ, ಹಾಲ ಹಾಕಾಕ ಬಂದು ಧರಣಿ ಕುಂತೀರಿ?"

"ಚನ್ನವ್ವಾ, ಆ ಕಲ್ಲ ಇಟ್ಟಾಕಿ ನಾನು. ಸತ್ತೆಪ್ಪಗ ಒಂದು ಮನಿ ಕಡಿಮಿ ಆದ್ರ ಅದು ನನ್ನ ತಲಿ ಮ್ಯಾಲೆ ಬರ್ತೈತಿ. ಅಂವ ಬಿದ್ದ ದಿವಸ ನೀ ಎಷ್ಟ ಹಾಲ ತಗೋತಿದ್ದಿ, ಅಷ್ಟ ತಗೋ. ಪಾಕೀಟ ಬೇಕಾದ್ರ ಅಂವ ಎದ್ದ ಮ್ಯಾಲೆ ಹಿಡಿ. ಅವಾಗ ಅದು ನಿಂದು ಅಂವಂದು."

ಚನ್ನವ್ವ, ಕಲ್ಲಿಟ್ಟವರ ಕೈಗೆ ಶಾಪ ಹಾಕಿದ್ದವಳು, ಒಳಗಿನಿಂದ ಪಾತ್ರೆ ತಂದು ಹಿಡಿದಳು.

ಸತ್ತೆಪ್ಪ ಮನೆಗೆ ಬಂದ. ಕಾಲಿನಲ್ಲಿ ರಾಡು. ಕಲ್ಲಿನ ಸಂಗತಿ ಅವನಿಗೆ ಮಾಯವ್ವ ಹೇಳಿದ್ದಳು. ಅವನು ಅದರ ಬಗ್ಗೆ ಒಂದೇ ಸಲ ಮಾತಾಡಿದ. ಕ್ಯಾನು ಕಟ್ಟುತ್ತಿದ್ದ ದಾಕ್ಷಾಯಿಣಿಯನ್ನು ಕರೆದು ಹೇಳಿದ: "ಬಾಯಾರ, ಒಂದ ಮಾತ ಐತ್ರಿ. ಗಾಡಿ ದೀಪ ಹೋಗಿ ಭಾಳ ದಿವಸ ಆಗಿತ್ತು ನಂದು. ಹಾಕಸ್ತೇನಿ ಹಾಕಸ್ತೇನಿ ಅಂತ ಬಿಟ್ಟಿದ್ದೆ. ದೀಪ ಇದ್ರ ಕಲ್ಲು ಕಾಣತಿತ್ತು."

ಮಾಯವ್ವ ಅಡುಗೆಮನೆಯಿಂದ ಕೂಗಿದಳು: "ಹೇಳು, ಹೇಳು, ಎಲ್ಲಾ ಹೇಳಿ ಬಿಡು! ನಾಳಿಂದ ಬರಬ್ಯಾಡ್ರಿ ಅಂತನೂ ಹೇಳು!"

"ಖರೆ ಐತಿ, ಹೇಳಿದೆ."

ದಾಕ್ಷಾಯಿಣಿ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಇಂಥದಕ್ಕೆ ಲೆಕ್ಕ ಇದೆ: ಬಿದ್ದವನದೂ ಪಾಲಿದ್ದರೆ ಅಷ್ಟು ಪಾಲು ಅವನೇ ಹೊರಬೇಕು. ಅಳೆದು ನೋಡಿ ಹೇಳಿದಳು: "ಹಂಗಾರ ಸಂಜಿ ಹಾಲು ನಿಮ್ಮ ಕಡಿ. ಮುಂಜಾನಿದು ನಂದು." ಸಂಜೆಯದು ಕಡಿಮೆ, ಐದಾರು ಮನೆ. ಅಂದಿನಿಂದ ಸಂಜೆಯ ಹಾಲನ್ನು ಮಾಯವ್ವ ಸಣ್ಣ ಕ್ಯಾನಿನಲ್ಲಿ ಬಸ್ಸಿಗೆ ತರತೊಡಗಿದಳು. ಆಮೇಲೆ ಆ ಮನೆಯಲ್ಲಿ ದಾಕ್ಷಾಯಿಣಿ ನೆಲದ ಮೇಲೆ ಕೂತು ರೊಟ್ಟಿ ತಿನ್ನುವಷ್ಟು ಸಲಿಗೆ ಬೆಳೆಯಿತು. ಮಾಯವ್ವನ ಬಾಯಲ್ಲಿ ಬಾಯಾರು ಹೋಗಿ ಯವ್ವಾ ಬಂತು, ಆದರೆ ಚುಚ್ಚುವುದು ಬಿಡಲಿಲ್ಲ.

ಎಲುಬು ಕೂಡಿತು. ಸತ್ತೆಪ್ಪ ಕೋಲು ಬಿಟ್ಟು ನಡೆದ, ಎಮ್ಮೆ ಹಿಂಡಿದ, ಹೊಲಕ್ಕೆ ಹೋದ. ಬೈಕಿಗೆ ಹೊಸ ದೀಪ ಹಾಕಿಸಿದ. ಆದರೆ ಬೈಕಿನ ಮೇಲೆ ಕೂತು ಕಿಕ್ ಹೊಡೆದರೆ ತೊಡೆ ನಡುಗುತ್ತಿತ್ತು. ಊರೊಳಗೆ ಒಂದು ಸುತ್ತು ಹಾಕುತ್ತಿದ್ದ. ಹಳ್ಳದ ದಾರಿಗೆ ಬಂದ ಕೂಡಲೇ ಇಳಿದು, ಗಾಡಿ ತಳ್ಳಿಕೊಂಡು ಮನೆಗೆ ಬರುತ್ತಿದ್ದ.

"ಏರು ನೋಡಿದ್ರ ಕಣ್ಣಿಗೆ ಕತ್ತಲಿ ಬರ್ತೈತ್ರಿ" ಎಂದ. ನಾಚಿಕೆಯಿಂದ ಅವನ ಮುಖ ಸಣ್ಣದಾಗಿತ್ತು.

"ಬಿಡ್ರಿ, ಅವಸರ ಇಲ್ಲ."

ಮಲ್ಲೇಶ ಆ ವೇಳೆಗೆ ಅಕ್ಕನ ಜೊತೆ ಮತ್ತೆ ಮಾತಾಡುತ್ತಿದ್ದ. ಅವನಿಗೆ ಸಿಟ್ಟು ಬಂತು. "ಕಾಲ ನೆಟ್ಟಗಾತಲ್ಲಾ! ಇನ್ನ ಅಂವ ಅಂಜಿದ್ರ ಅದೂ ನಿನ್ನ ತಪ್ಪೇನು? ಬ್ಯಾರೆ ಯಾಂವರ ಬಿದ್ದಿದ್ರ ಎದ್ದ ಝಾಡಿಸ್ಕೊಂಡ ಹೋಗತಿದ್ದ."

"ಬ್ಯಾರೆಯಾಂವ ಬಿದ್ದಿಲ್ಲಲ್ಲಪಾ. ನಾ ಕೆಡವಿದ ಮನಶ್ಯಾ ಗಟ್ಟಿದ್ದಾಂವ ಸಿಗಬೇಕಿತ್ತು ಅಂತ ಆರಿಸಿಕೊಳ್ಳಾಕ ಬರೂದಿಲ್ಲ. ಸಿಕ್ಕಾಂವ ಹೆಂಗದಾನ ಹಂಗ ತಗೋಬೇಕು. ಸ್ಕಾಟ್ಲೆಂಡಿನ್ಯಾಗೂ ಅಷ್ಟ, ಇಲ್ಲೂ ಅಷ್ಟ."

ವಿದ್ಯಾ ಒಮ್ಮೆ ಕಾಲೇಜಿನ ಕಟ್ಟೆಯ ಮೇಲೆ ಕೂತಾಗ ಹೇಳಿದಳು: "ಎರಡು ವರ್ಷದ ಮ್ಯಾಲಾತು. ಯಾವ ಕೋರ್ಟೂ ಇಷ್ಟು ಕೇಳೂದಿಲ್ಲಲೇ ದಾಕ್ಷಾಯಿಣಿ. ಮೂರು ವರ್ಷ ಆದ ಮ್ಯಾಲೆ ನಿನ್ನ ಸ್ಕಾಟ್ಲೆಂಡಿನ್ಯಾಗ ದಾವಾನೂ ಹಾಕಾಕ ಬರೂದಿಲ್ಲ ಅಂತ ನೀನ ಕಲಸ್ತಿ."

"ಕಾಯ್ದೆ ಎಲ್ಲಿ ನಿಂದರ್ತೈತಿ ನನಗ ಗೊತ್ತೈತಿ ಬಿಡ. ಅಂವ ಗಾಡಿ ಮ್ಯಾಲೆ ತಾನs ಹಾಲ ತಂದ ಹಾಕಿದ ದಿವಸ ನಂದು ಮುಗೀತು. ಅದರಕಿಂತ ಮದಲ ಇಲ್ಲ."

"ಅಂವ ಎಂದೂ ಹತ್ತಲಿಲ್ಲ ಅಂದ್ರ?"

ಅವಳು ಪುಸ್ತಕ ಎತ್ತಿಕೊಂಡು ತರಗತಿಗೆ ಎದ್ದಳು. ಸುಸ್ತಾಗಿದ್ದಳು. ಕೊನೆಯ ಚಳಿಗಾಲದಲ್ಲಿ ಆಗಾಗ ತಲೆನೋವು ಎನ್ನುತ್ತಿದ್ದಳು, ನಸುಕಿನ ಗಾಳಿಗೆ ಇರಬೇಕು ಎಂದು ತಲೆಗೆ ಮಫ್ಲರ್ ಸುತ್ತಿಕೊಂಡು ಹೋಗುತ್ತಿದ್ದಳು. ಡಾಕ್ಟರಿಗೆ ತೋರಿಸು ಎಂದರೆ, ಪರೀಕ್ಷೆ ಮುಗೀಲಿ ಎಂದಳು. ಎಲ್ಲರೂ ಅಷ್ಟಕ್ಕೇ ಬಿಟ್ಟರು.

ಮುಂದಿನದು ಸತ್ತೆಪ್ಪ ಹೇಳಿದ್ದು.

ಅಂದು ಮುಂಜಾನೆ ಹಾಲು ಹಿಂಡಿ, ಊರ ಮನೆಗಳದನ್ನೂ ಕೂಡಿಸಿ, ಕ್ಯಾನು ತುಂಬಿ ಅವನು ಬಾಗಿಲಲ್ಲಿ ನಿಂತಿದ್ದ. ಅವಳು ಬರಲಿಲ್ಲ. ಬಿಸಿಲು ಬಂತು. ಫೋನು ಹಚ್ಚಿದರೆ ಗಂಟೆ ಬಾರಿಸುತ್ತದೆ, ಎತ್ತುವವರಿಲ್ಲ. ಮಾಯವ್ವ ದಾರಿಯ ತನಕ ಹೋಗಿ ನೋಡಿ ಬಂದಳು.

"ಹಾಲ ಒಡೀತಾವ" ಅಂದಳು. "ಬಸ್ಸಿನ ತನಕ ಕ್ಯಾನ ಹೊರಸು, ನಾ ಒಯ್ತೇನಿ."

"ಎರಡು ಕ್ಯಾನ ಬಸ್ಸಿನ್ಯಾಗ ಹೆಂಗ ಒಯ್ತಿ?"

"ಮತ್ತೇನ ಮಾಡೂದು? ಸ್ಕೂಟಿ ಕೆಟ್ಟ ದಾರ್ಯಾಗ ನಿಂತಾಳೋ ಏನೋ, ಪಾಪ."

ಸತ್ತೆಪ್ಪ ಬೈಕು ತೆಗೆದ. ಎರಡೂ ಬಾಜೂ ಕ್ಯಾನು ಕಟ್ಟಿದ. ಮಾಯವ್ವ ಹಗ್ಗ ಜಗ್ಗಿ ನೋಡಿದಳು. ದಾರಿಯುದ್ದಕ್ಕೂ ಅವನ ಕಣ್ಣು ಕೆಟ್ಟು ನಿಂತ ಸ್ಕೂಟಿಯನ್ನು ಹುಡುಕುತ್ತಿತ್ತು. ಹಳ್ಳ ಬಂತು, ಸೇತುವೆ ಬಂತು, ಏರು ಬಂತು. ಅಲ್ಲಿಯೂ ಅವಳು ಇರಲಿಲ್ಲ. ಏರಿನ ತುದಿ ಮುಟ್ಟಿದ ಮೇಲೆಯೇ ತಾನು ಏರಿ ಬಂದೆ ಎಂದು ಅವನಿಗೆ ತಿಳಿದದ್ದು.

ರತೀಬಿನ ಮೊದಲ ಮನೆ ಸ್ಟೇಶನ್ನಿನ ಈಚೆಗೆ. ಅಲ್ಲಿ ಪಾತ್ರೆ ಹಿಡಿದು ಬಂದ ಹೆಂಗಸು ಅವನನ್ನು ಕಂಡು ಬೆರಗಾದಳು, ಆಮೇಲೆ ಸೆರಗು ಬಾಯಿಗೆ ಹಿಡಿದಳು. "ನಿನಗ ಗೊತ್ತಾಗಿ ಬಂದೀಯೇನಪಾ?"

"ಏನು?"

ಅವಳು ಹೇಳಿದಳು. ಸತ್ತೆಪ್ಪ ಹಾಲು ಅಳೆಯುತ್ತಿದ್ದವನು ಅಳತೆ ಪೂರ್ತಿ ಮಾಡಿ ಹಾಕಿದ. ಮುಚ್ಚಳ ಹಾಕಿದ. ಹೊರಟ. ನೆಟ್ಟಗೆ ಅವಳ ಮನೆಗೆ ಹೋಗಬೇಕು ಎಂದು ಯಾಕೆ ತೋಚಲಿಲ್ಲವೋ ತನಗೆ ತಿಳಿಯದು ಎನ್ನುತ್ತಾನೆ. ಸಾಲಿನಲ್ಲಿದ್ದ ಮನೆಗಳಿಗೆಲ್ಲ ಹೋದ. ಒಂದನ್ನೂ ಬಿಡಲಿಲ್ಲ. ಪ್ರತಿ ಬಾಗಿಲಲ್ಲೂ ಜನ ಅದನ್ನೇ ಹೇಳಿದರು, ಇವನು "ಹೂಂ" ಎನ್ನುತ್ತ ಹಾಲು ಹಾಕಿದ. "ಹಾಲs" ಎಂದು ಮಾತ್ರ ಕೂಗಲಿಲ್ಲ.

ಕೊನೆಗೆ ಅವಳ ಓಣಿ. ಮನೆಯ ಮುಂದೆ ಮಂದಿ. ಊರಿಂದ ಬಂದ ಮಲ್ಲೇಶ ಬಾಗಿಲ ಬಾಜೂ ಬರಿಗಾಲಲ್ಲಿ ನಿಂತಿದ್ದ. ಮಣ್ಣು ಮಾಡುವುದು ಊರಿನಲ್ಲೇ, ಒಯ್ಯುವ ಗಾಡಿ ಬರುವುದು ತಡವಿತ್ತು. ಸತ್ತೆಪ್ಪ ಒಳಗೆ ಹೋದ. ಅವಳನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು, ಹಣೆಗೆ ವಿಭೂತಿ ಹಚ್ಚಿದ್ದರು. ನೋಡಿದ. ಹೊರಗೆ ಬಂದ.

ಅಡುಗೆಮನೆಯ ಬಾಗಿಲಿನಿಂದ ವಿದ್ಯಾ ಒಂದು ಪಾತ್ರೆ ತಂದಳು. ಅವಳಿಗೂ ಬೇರೇನೂ ತಿಳಿಯುತ್ತಿರಲಿಲ್ಲ. ಬಂದವರಿಗೆ ಚಹಾ ಆಗಬೇಕು ಎನ್ನುವುದಷ್ಟೇ ತಲೆಯಲ್ಲಿತ್ತು.

"ಎಷ್ಟ ಹಾಕ್ಲಿ?" ಎಂದು ಸತ್ತೆಪ್ಪ ಕೇಳಿದ. "ಬಾಯಾರದು ಅರ್ಧಾ ಲೀಟರ್ ಇತ್ತು."

"ಮಂದಿ ಭಾಳ ಅದಾರ. ಇದ್ದಷ್ಟು ಹಾಕ್ರಿ."

ಅವನು ಕ್ಯಾನು ಬಗ್ಗಿಸಿ ಎಲ್ಲವನ್ನೂ ಹಾಕಿದ.

ಮಲ್ಲೇಶ ನೋಡುತ್ತಿದ್ದ. "ಬಸ್ಸಿಗೆ ತಂದ್ರೇನ್ರಿ?" ಎಂದು ಕೇಳಿದ.

"ಇಲ್ಲ. ಗಾಡಿ ಮ್ಯಾಲೆ."

"ಯಾರ ಹೊಡಕೊಂಡ ಬಂದ್ರು?"

"ನಾನs."

ಮಲ್ಲೇಶ ಕಟ್ಟೆ ಇಳಿದು ಓಣಿಯ ತುದಿಯ ತನಕ ಹೋದ. ಅಲ್ಲಿ ನಿಲ್ಲಿಸಿದ್ದ ಬೈಕನ್ನು ನೋಡಿ ಹಿಂತಿರುಗಿ ಬಂದ. "ಗಾಡಿ ಮ್ಯಾಲೆ ತಾನs ತಂದಾನ್ರಿ" ಎಂದು ವಿದ್ಯಾಗೆ ಹೇಳಿದ. ಒಳಗೆ ಹಾಲು ಉಕ್ಕುವ ಸಪ್ಪಳ ಕೇಳಿ ಅವಳು ಓಡಿದಳು.

ಸತ್ತೆಪ್ಪ ನಲ್ಲಿಯ ಕೆಳಗೆ ಕ್ಯಾನು ತೊಳೆದು, ಬಿಗಿದು, ಊರಿಗೆ ಹೋದ. ಸಂಜೆಯ ಹಾಲನ್ನೂ ಅವನೇ ತಂದ.